ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ?

ವೃದ್ಧಾಶ್ರಮ ಎಂದ ಕೂಡಲೇ ನಮ್ಮ ಬಾಯಿಗೆ ಬರುವ ಪ್ರಶ್ನೆ ಒಂದೇ: ಹೆತ್ತವರನ್ನು ಮಕ್ಕಳು ಯಾಕೆ ಅಲ್ಲಿಗೆ ತಂದು ಬಿಟ್ಟರು? ಇದನ್ನು ನಾವು ಎಷ್ಟು ವರ್ಷಗಳಿಂದ, ಎಷ್ಟು ಬಗೆಯಲ್ಲಿ ಕೇಳುತ್ತ ಬಂದಿದ್ದೇವೆ ಎಂದರೆ ಇದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಶ್ನೆ ಹೊಳೆಯುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಆ ಕಟ್ಟಡದಲ್ಲಿ ಎಚ್ಚರವಾಗಿರುವವರು ಯಾರು, ಎಷ್ಟು ಜನ? ಮೊದಲ ಪ್ರಶ್ನೆ ಮಕ್ಕಳನ್ನು ಕುರಿತದ್ದು, ಎರಡನೆಯದು ಅಲ್ಲಿ ಮಲಗಿರುವವರನ್ನು ಕುರಿತದ್ದು. ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಕೇಳಿಸದೆ ಹೋಗಿದೆ. ಕೇಳಿಸದ ಕಾರಣಕ್ಕೇ ವಯಸ್ಸಾದವರ ಮೈಮೇಲೆ ಹುಣ್ಣಾಗುತ್ತಿದೆ ಎಂಬುದು ನನ್ನ ತಕರಾರು. ಈ ಗದ್ದಲದಲ್ಲಿ ಸಾಹಿತ್ಯದ ಪಾಲೂ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ವೃದ್ಧಾಶ್ರಮಗಳು ಬೇಕೇ, ಬೇಡವೇ?" ಎಂಬ ಚರ್ಚಾಸ್ಪರ್ಧೆಯಲ್ಲಿ ಒಮ್ಮೆಯಾದರೂ ಕೂರದೆ ಕರ್ನಾಟಕದಲ್ಲಿ ಯಾರೂ ಡಿಗ್ರಿ ಮುಗಿಸಿರಲಾರರು. ಬೇಡ ಎನ್ನುವವರು ಶ್ರವಣಕುಮಾರನಿಂದ ಶುರುಮಾಡುತ್ತಾರೆ. ಬೇಕು ಎನ್ನುವವರು, ಪಾಪ, ಕ್ಷಮೆ ಕೇಳುವ ದನಿಯಲ್ಲಿ ಕಾಲ ಬದಲಾಗಿದೆ ಎನ್ನುತ್ತಾರೆ. ತೀರ್ಪುಗಾರರು ಕಣ್ಣೊರೆಸಿಕೊಂಡು ಬೇಡ ಎಂದವರಿಗೆ ಬಹುಮಾನ ಕೊಡುತ್ತಾರೆ. ಇರುವ ವೃದ್ಧಾಶ್ರಮ ಹೇಗಿರಬೇಕು ಎಂದು ಆ ವೇದಿಕೆಯಲ್ಲಿ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಸಿನಿಮಾ ನೋಡಿ. 1958ರಲ್ಲಿ ಬಂದ ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್'ನಲ್ಲಿ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಮಕ್ಕಳಿಂದ ನೋಯುತ್ತಾರೆ. ಸುಮಾರು ಐವತ್ತು ವರ್ಷಗಳ ನಂತರ, 2007ರ 'ಈ ಬಂಧನ'ದಲ್ಲಿ ವಿಷ್ಣುವರ್ಧನ್ ಮತ್ತು ಜಯಪ್ರದಾ ಅವರ ಪಾತ್ರಗಳಿಗೂ ಅದೇ ಪಾಡು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನನಗೆ ಬಹಳ ಇಷ್ಟವಾದ ಚಿತ್ರ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್ ಮಾಡಿದ್ದನ್ನು ಮರೆಯುವಂತಿಲ್ಲ. ಅಲ್ಲಿ ಆರೈಕೆ ಕೇಂದ್ರವೂ ಇದೆ, ಕಾಳಜಿಯ ಡಾಕ್ಟರೂ ಇದ್ದಾರೆ. ಆದರೂ ಕತೆ ಕೊನೆಗೆ ಮಗ ಹೇಗೆ ಬದಲಾದ ಎಂಬುದರ ಸುತ್ತಲೇ ತಿರುಗುತ್ತದೆ. ಒಂದೊಂದು ಚಿತ್ರವನ್ನೂ ಬೇರೆಯಾಗಿ ನೋಡಿದರೆ ತಪ್ಪೇನಿಲ್ಲ. ಎಲ್ಲವನ್ನೂ ಸೇರಿಸಿ ನೋಡಿದರೆ ಮಾತ್ರ ಅರವತ್ತು ವರ್ಷ ನಾವು ಒಂದೇ ಕಡೆ ಕಣ್ಣು ನೆಟ್ಟಿದ್ದೇವೆ ಎಂದು ತಿಳಿಯುತ್ತದೆ.

ನನ್ನ ಪಿಎಚ್.ಡಿ. ಸಣ್ಣಕತೆಗಳ ಮೇಲೆ. ಓದಿದ ರಾಶಿಯಲ್ಲಿ ವೃದ್ಧಾಶ್ರಮ ಬಂದಾಗಲೆಲ್ಲ ಒಂದು ಗೇಟು, ಒಂದು ಕಲ್ಲುಬೆಂಚು, ದಾರಿ ನೋಡುತ್ತ ಕೂತ ಒಬ್ಬ ಮುದುಕಿ, ರಿಂಗಾಗದ ಒಂದು ಫೋನು ಇರುತ್ತವೆ. ಆಯಾ ಇರುವುದಿಲ್ಲ, ಇದ್ದರೂ ಅವಳಿಗೆ ಎಷ್ಟು ಸಂಬಳ, ಎಷ್ಟು ಗಂಟೆಯ ಪಾಳಿ ಎಂಬುದು ಇರುವುದಿಲ್ಲ. ಡೈಪರ್ ಇಲ್ಲ, ಮೂತ್ರದ ವಾಸನೆಯಿಲ್ಲ, ಬಚ್ಚಲಲ್ಲಿ ಜಾರಿಬೀಳುವುದಿಲ್ಲ. ವೃದ್ಧಾಶ್ರಮ ನಮ್ಮ ಕತೆಗಾರರಿಗೆ ಒಂದು ರೂಪಕ. ರೂಪಕಕ್ಕೆ ಫೈರ್ ಎಕ್ಸಿಟ್ ಬೇಕಾಗುವುದಿಲ್ಲ.

ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಮೊದಲ ಪ್ರಶ್ನೆ ಅವರಿಗೆ ಅನ್ವಯಿಸುವುದೇ ಇಲ್ಲ. ಅತ್ತೆ ಮದುವೆಯಾಗಲಿಲ್ಲ. ತಾಲ್ಲೂಕು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದರು, ಪೆನ್ಷನ್ ಬರುತ್ತದೆ. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೂ ಎದ್ದು ಓಡಾಡಲು ಆಗಲಿಲ್ಲ. ಅಪ್ಪನಿಗೂ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು. ಅತ್ತೆಯನ್ನು ಎತ್ತಿ ಕೂರಿಸುವವರು ಮನೆಯಲ್ಲಿಲ್ಲ. ಒಳ್ಳೆಯ ಕಡೆ ನೋಡಿ ಸೇರಿಸಿ ಎಂದು ಅವರೇ ಹೇಳಿದರು. ಇಲ್ಲಿ ಕೈಬಿಟ್ಟ ಮಗ ಎಲ್ಲಿದ್ದಾನೆ? ಕಲ್ಲುಬೆಂಚಿನ ಕತೆಯಲ್ಲಿ ಅತ್ತೆಗೆ ಜಾಗವಿಲ್ಲ. ಮಕ್ಕಳಿಲ್ಲದವರು, ಮದುವೆಯಾಗದವರು, ವಿಧವೆಯರು, ತಾವೇ ಅರವತ್ತೈದಾಗಿರುವ ಮಕ್ಕಳ ಎಂಬತ್ತೆಂಟರ ತಾಯಂದಿರು, ಇವರೆಲ್ಲರೂ ಆ ಕತೆಯ ಹೊರಗೇ ಉಳಿದಿದ್ದಾರೆ.

ಕೆಂಗೇರಿ ಕಡೆ, ಹೆಸರಘಟ್ಟ ರಸ್ತೆ, ಬನ್ನೇರುಘಟ್ಟ ರಸ್ತೆ ಎಂದು ನಾನೂ ಅಪ್ಪನೂ ಹದಿನೈದು ದಿನ ಸುತ್ತಿ ಒಂಬತ್ತು ಕಡೆ ನೋಡಿದೆವು. ಎಲ್ಲ ಕಡೆಯೂ ಮೊದಲು ತೋರಿಸಿದ್ದು ದೇವರ ಮನೆ, ಆಮೇಲೆ ತುಳಸಿಕಟ್ಟೆ, ಆಮೇಲೆ ಲ್ಯಾಮಿನೇಷನ್ ಮಾಡಿಸಿದ ಊಟದ ಪಟ್ಟಿ. ರಾತ್ರಿ ಯಾರಿರುತ್ತಾರೆ ಎಂದರೆ "ಇಪ್ಪತ್ನಾಲ್ಕು ಗಂಟೆ ಸೇವೆ ಮೇಡಂ" ಎಂಬ ಉತ್ತರ. ಎಷ್ಟು ಜನ ಎಂದು ಮತ್ತೆ ಕೇಳಿದರೆ ಮುಖ ಬದಲಾಗುತ್ತಿತ್ತು. ಒಂದು ಕಡೆ ಮ್ಯಾನೇಜರು, "ನೀವು ಅಡ್ಮಿಷನ್‌ಗೆ ಬಂದಿದ್ದೀರೋ, ಇನ್‌ಸ್ಪೆಕ್ಷನ್‌ಗೋ?" ಎಂದೇ ಕೇಳಿಬಿಟ್ಟರು. ಇನ್ನೊಂದು ಕಡೆ ಆಯಾ ಒಬ್ಬರನ್ನೇ ಮಾತಾಡಿಸಿದಾಗ ಗೊತ್ತಾಯಿತು: ಎರಡು ಮಹಡಿ, ಇಪ್ಪತ್ತಾರು ಜನ, ರಾತ್ರಿಗೆ ಅವರೊಬ್ಬರೇ. ಹಗಲು ಪಾಳಿಯನ್ನೂ ಅವರೇ ಮಾಡಿದ್ದರು. ಒಡಿಶಾದಿಂದ ಬಂದ ಆ ಹುಡುಗಿಗೆ ಇಪ್ಪತ್ತೆರಡು ವರ್ಷವಿರಬಹುದು. ಕನ್ನಡ ಅಷ್ಟಕ್ಕಷ್ಟೆ. ಮೇಲಿನ ಮಹಡಿಯಲ್ಲಿ ಯಾರೋ "ನೀರು" ಎಂದು ಕೂಗಿದರೆ ಅವಳಿಗೆ ಅರ್ಥವಾಗುತ್ತದೆ. "ಎದೆ ಹಿಂಡಿದ ಹಾಗಾಗ್ತಿದೆ" ಎಂದರೆ?

ಕೊನೆಗೆ ಅತ್ತೆಯನ್ನು ಸೇರಿಸಿದ ಜಾಗದ ಹೆಸರು ಇಲ್ಲಿ ಬೇಡ. ಮೂರನೇ ವಾರಕ್ಕೆ ಅವರ ಬೆನ್ನಿನ ಬುಡದಲ್ಲಿ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಿತ್ತುಬಂದಿತ್ತು. ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದರು. ಅದು ಸಹಜವಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಇವು ಮೊದಲು ಕೆಡುವ ಜಾಗಗಳು. ಒದ್ದೆ ಡೈಪರ್ ಬದಲಿಸದಿದ್ದರೆ ಇನ್ನೂ ಬೇಗ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೈ ಒಣಗಿಸಿ, ಹೊಟ್ಟೆಗೆ ಸರಿಯಾಗಿ ಹಾಕಿದರೆ ಬಹುಪಾಲು ಹಾಸಿಗೆ ಹುಣ್ಣುಗಳನ್ನು ತಡೆಯಬಹುದು. ಹಾಗಾಗಿ ಒಂದು ಮನೆಯಲ್ಲಿ ಕೈಗಳು ಎಷ್ಟಿವೆ ಎಂಬ ಲೆಕ್ಕ ಬ್ರೋಷರ್‌ನಲ್ಲಿ ಸಿಗುವುದಿಲ್ಲ, ಅಲ್ಲಿರುವವರ ಬೆನ್ನಿನ ಮೇಲೆ ಸಿಗುತ್ತದೆ.

ದೂರು ಕೊಡೋಣ ಎಂದಾಗ ಚಿಕ್ಕಪ್ಪ ತಡೆದರು. "ಗಲಾಟೆ ಮಾಡಬೇಡಮ್ಮ. ಅಕ್ಕ ನಮ್ಮನೇಲೇ ಇದ್ದಾಳೆ ಅಂತ ಊರಲ್ಲಿ ಹೇಳಿದ್ದೀನಿ" ಎಂದರು.

ನನ್ನ ವಾದವೆಲ್ಲ ಚಿಕ್ಕಪ್ಪನ ಆ ಮಾತಿನಲ್ಲಿದೆ. ಮಗುವನ್ನು ಶಾಲೆಗೆ ಸೇರಿಸುವಾಗ ನಾವು ಹತ್ತು ಜನರನ್ನು ಕೇಳುತ್ತೇವೆ. ಮಿಕ್ಸಿ ಕೊಳ್ಳುವಾಗಲೂ ಕೇಳುತ್ತೇವೆ. ವಯಸ್ಸಾದವರನ್ನು ಸೇರಿಸುವ ಮನೆಯ ಬಗ್ಗೆ ಮಾತ್ರ ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಕೇಳಿದರೆ ಮಾನ ಹೋಗುತ್ತದೆ. ಮುಚ್ಚಿಟ್ಟು ಸೇರಿಸಿದವರು ದೂರು ಕೊಡಲಾರರು. ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪುವುದಿಲ್ಲ. ಕೆಟ್ಟದಾಗಿ ನಡೆಸುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು? ಅವನನ್ನು ಕಾಯುತ್ತಿರುವುದು ನಮ್ಮ ನಾಚಿಕೆ. ಆ ನಾಚಿಕೆಗೆ ಚರ್ಚಾಸ್ಪರ್ಧೆಯಲ್ಲಿ, ಸಿನಿಮಾದಲ್ಲಿ, ಸಣ್ಣಕತೆಯ ಕೊನೆಯ ಪ್ಯಾರಾದಲ್ಲಿ ನೀರೆರೆದವರು ನಾವೇ.

ಇನ್ನು, ದೂರನ್ನಾದರೂ ಯಾರಿಗೆ ಕೊಡುವುದು? ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಅಪೆಂಡಿಕ್ಸ್ ನೆನಪಾಗುವ ಚಿಕ್ಕ ಆಸ್ಪತ್ರೆ. ಆ ಬೋರ್ಡು ಹಾಕಿದವರು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು, ದರಪಟ್ಟಿ ತೂಗುಹಾಕಬೇಕು. ಹಾಸಿಗೆ ಹಿಡಿದ ಮೂವತ್ತು ಜನರಿಗೆ ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವ ಇನ್ನೊಂದು ಮನೆ ಆಶ್ರಮ ಎಂದು ಬೋರ್ಡು ಬರೆಸಿಕೊಳ್ಳುತ್ತದೆ. ಮಾಡುವ ಕೆಲಸ ನರ್ಸಿಂಗ್, ಇಟ್ಟುಕೊಂಡ ಹೆಸರು ಪುಣ್ಯದ್ದು. ಕೈಯಲ್ಲಿರುವ ಕಾಗದ ಹೆಚ್ಚಾಗಿ ಟ್ರಸ್ಟಿನ ನೋಂದಣಿ. ಅದರಲ್ಲಿ ಟ್ರಸ್ಟಿಗಳ ಹೆಸರಿರುತ್ತದೆ, ನರ್ಸುಗಳದ್ದಲ್ಲ. ಅನುದಾನ ಪಡೆಯುವ ಮನೆಗಳನ್ನು ಇಲಾಖೆಯವರು ಬಂದು ನೋಡುವುದುಂಟು. ದುಡ್ಡು ಕೊಟ್ಟು ಸೇರುವ ಖಾಸಗಿ ಮನೆಗಳ ಒಳಗೆ ಏನು ನಡೆಯುತ್ತದೆ ಎಂಬುದು ಅಲ್ಲಿನ ಮ್ಯಾನೇಜರ ಒಳ್ಳೆಯತನಕ್ಕೆ ಬಿಟ್ಟದ್ದು.

ಹಿರಿಯರಿಗೆಂದೇ ಇರುವ ಕೇಂದ್ರ ಕಾಯ್ದೆ, 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, ಓದಿದರೆ ಅದೂ ಒಂದು ಸಾಮಾಜಿಕ ಚಿತ್ರದಂತೆಯೇ ಕಾಣುತ್ತದೆ. ಹಿರಿಯರನ್ನು ತೊರೆದು ಹೋದವರಿಗೆ 24ನೇ ಸೆಕ್ಷನ್ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಮಗನಿಂದ ಜೀವನಾಂಶ ಬೇಕೆಂದರೆ ಉಪವಿಭಾಗದ ಮಟ್ಟದ ನ್ಯಾಯಮಂಡಳಿಯಿದೆ. 19ನೇ ಸೆಕ್ಷನ್‌ನಲ್ಲಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ಹಿರಿಯರಿಗಾಗುವಷ್ಟು ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿದೆ. ಸ್ಥಾಪಿಸಬಹುದು ಎಂದಿದೆ, ಸ್ಥಾಪಿಸತಕ್ಕದ್ದು ಎಂದಿಲ್ಲ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿ ತರಿಸಿಕೊಳ್ಳಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು; ಕಾಯ್ದೆ ಬಂದು ಹನ್ನೊಂದು ವರ್ಷವಾದರೂ ಎಣಿಕೆಯೇ ಆಗಿರಲಿಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಖಾಸಗಿ ಆರೈಕೆ ಮನೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟದ ಮಾತಾಡಿತ್ತು. ಮಕ್ಕಳ ಶಿಕ್ಷೆಯನ್ನು ಹೆಚ್ಚಿಸುವ ಅಂಶವೂ ಅದರಲ್ಲಿತ್ತು, ಪತ್ರಿಕೆಗಳ ತಲೆಬರಹ ಅದಕ್ಕೇ ಮೀಸಲಾಯಿತು. 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ.

ಬೆಂಕಿಯ ಮಾತೂ ಇದೆ. 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನ ಹಿರಿಯರ ಆರೈಕೆ ಮನೆಯೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು. ಅದು ಬಡವರ ಬಡಾವಣೆಯಲ್ಲ. ನಮ್ಮ ಬೆಂಗಳೂರಿನಲ್ಲಿ ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ವಾಸಕ್ಕೆಂದು ಕಟ್ಟಿ ಆಮೇಲೆ ಬದಲಿಸಿದವು: ಇಕ್ಕಟ್ಟು ಮೆಟ್ಟಿಲು, ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್, ಮರೆವಿನವರು ಹೊರಗೆ ಹೋಗದಿರಲೆಂದು ರಾತ್ರಿ ಬೀಗ. ಬೀಗ ಹಾಕುವುದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಬೀಗದ ಕೈ ಯಾರ ಸೊಂಟದಲ್ಲಿದೆ, ಅವರು ಎಲ್ಲಿ ಮಲಗುತ್ತಾರೆ, ಎದ್ದು ನಡೆಯಲಾರದವರನ್ನು ಎರಡನೇ ಮಹಡಿಯಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ಹಾಗಾದರೆ ನೋಡುವುದು ಏನನ್ನು? ತುಳಸಿಕಟ್ಟೆಯನ್ನಂತೂ ಅಲ್ಲ. ಹೇಳಿ ಹೋಗಬೇಡಿ. ಹೋದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆ ಹೊತ್ತಿಗೆ ಎಲ್ಲರ ತಲೆ ಬಾಚಿರುತ್ತದೆ. ಭಾನುವಾರ ಸಂಜೆ ಏಳಕ್ಕೆ ಹೋಗಿ. ಮೂತ್ರದ ವಾಸನೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಕಣ್ಣುರಿಯುವಷ್ಟು ಫಿನಾಯಿಲ್ ವಾಸನೆ ಬಂದರೂ ಅನುಮಾನ ಪಡಿ. ಹಾಸಿಗೆ ಹಿಡಿದವರ ಕೋಣೆಗೆ ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ಹಿಂತಿರುಗಿ. ಮಗ್ಗುಲು ಬದಲಿಸಿದ್ದನ್ನು ಬರೆಯುವ ಹಾಳೆ ಇದೆಯೇ ನೋಡಿ. ಇದ್ದು, ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ಬರೆದಂತಿದ್ದರೆ ಅದನ್ನೂ ಗಮನಿಸಿ. ಆಯಾ ಬಂದು ಎಷ್ಟು ತಿಂಗಳಾಯಿತು ಎಂದು ಆಕೆಯನ್ನೇ ಕೇಳಿ. ಎಲ್ಲರೂ ಎರಡು ತಿಂಗಳ ಹಿಂದೆ ಬಂದವರಾಗಿದ್ದರೆ ಸಂಬಳವೋ ಕೆಲಸವೋ ಸಹಿಸುವಂತಿಲ್ಲ ಎಂದರ್ಥ. ರಾತ್ರಿಯೂಟ ಎಷ್ಟು ಗಂಟೆಗೆ ಎಂದು ಕೇಳಿ; ಸಿಬ್ಬಂದಿ ಬೇಗ ಮನೆಗೆ ಹೋಗಲೆಂದು ಸಂಜೆ ಆರಕ್ಕೇ ಬಡಿಸಿ, ಮರುದಿನ ಏಳಕ್ಕೆ ಕಾಫಿ ಕೊಡುವ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಹದಿಮೂರು ಗಂಟೆ ಉಪವಾಸವಿರುತ್ತಾರೆ.

ಹಗಲಲ್ಲೂ ಎಲ್ಲರೂ ತೂಕಡಿಸುತ್ತಿದ್ದರೆ ಮಾತ್ರೆಗಳ ಚೀಟಿ ಕೇಳಿ. ರಾತ್ರಿ ಕೂಗಾಡುತ್ತಾರೆ ಎಂದು ಮರೆವಿನವರಿಗೆ ಮನೋರೋಗದ ಮಾತ್ರೆ ಹಾಕಿ ಮಲಗಿಸುವುದು ಕಡಿಮೆ ಸಿಬ್ಬಂದಿಯ ಮನೆಗಳಿಗೆ ಸುಲಭದ ದಾರಿ. ಇಂಥ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಹೊರಡಿಸಿದೆ. ಬರೆದುಕೊಟ್ಟ ಡಾಕ್ಟರ ಹೆಸರು, ದಿನಾಂಕ ಚೀಟಿಯಲ್ಲಿರಬೇಕು.

ಅತ್ತೆ ಈಗ ಇನ್ನೊಂದು ಕಡೆ ಇದ್ದಾರೆ. ಹುಣ್ಣು ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಹೇಗಿದೆ ಎಂದು ಕೇಳಿದಾಗ ಅವರು ದೇವರ ಮನೆಯ ಬಗ್ಗೆ ಹೇಳಲಿಲ್ಲ, ಊಟದ ಬಗ್ಗೆಯೂ ಹೇಳಲಿಲ್ಲ. "ಇಲ್ಲಿ ಕರೆದ್ರೆ ಬರ್ತಾರೆ ಕಣೆ" ಎಂದರು.

ಅಮೆರಿಕದ ಹೆಸರು ಬಂದಿದ್ದರಿಂದ ಒಂದು ಮಾತು. ಅದನ್ನು ಸ್ವರ್ಗ ಎಂದು ತೋರಿಸುವ ಉದ್ದೇಶ ನನಗಿಲ್ಲ. ಅಲ್ಲಿನ ನರ್ಸಿಂಗ್ ಹೋಮ್‌ಗಳ ದುರವಸ್ಥೆಯ ಬಗ್ಗೆ 1986ರಲ್ಲಿ ದೊಡ್ಡ ವರದಿ ಬಂತು, 1987ರಲ್ಲಿ ಕಾನೂನು ಬಂತು. ಸಿಬ್ಬಂದಿಯ ಅನುಕೂಲಕ್ಕೆಂದು ಹಿರಿಯರನ್ನು ಕಟ್ಟಿಹಾಕುವುದನ್ನೂ ಮಾತ್ರೆ ಹಾಕಿ ಮಲಗಿಸುವುದನ್ನೂ ಅದು ನಿಷೇಧಿಸಿತು. 2008ರಲ್ಲಿ ಒಂದರಿಂದ ಐದು ನಕ್ಷತ್ರಗಳ ಅಂಕ ಕೊಡತೊಡಗಿದರು. ಸಿಬ್ಬಂದಿಯ ಲೆಕ್ಕವನ್ನು ಮನೆಗಳೇ ಬರೆದುಕೊಡುತ್ತಿದ್ದುದರಿಂದ ನಕ್ಷತ್ರಗಳೂ ಉಬ್ಬಿದವು. ಆಮೇಲೆ, 2016ರಿಂದ, ಸಂಬಳದ ದಾಖಲೆಯನ್ನೇ ತರಿಸಿಕೊಂಡು ಎಣಿಸತೊಡಗಿದರು. ಸುಳ್ಳು ಹೇಳುವವರು ಅಲ್ಲಿಯೂ ಇದ್ದಾರೆ, ಆದರೆ ಸುಳ್ಳು ಹೇಳಲು ಒಂದು ಲೆಕ್ಕವಾದರೂ ಇದೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗನೊಬ್ಬ ತನ್ನ ಪಕ್ಕದ ಬೀದಿಯ ನರ್ಸಿಂಗ್ ಹೋಮಿನ ತಪಾಸಣಾ ವರದಿಯನ್ನು ಕೂತಲ್ಲೇ ಓದಬಲ್ಲ. ಜಯನಗರದಲ್ಲಿರುವ ತನ್ನ ತಾಯಿಗೆ ಮನೆ ಹುಡುಕುವಾಗ ಅವನಿಗೆ ಸಿಗುವುದು ಗೂಗಲ್ ರಿವ್ಯೂ.

ಇದೆಲ್ಲ ಪಶ್ಚಿಮದ ರೋಗ, ನಮ್ಮದು ಕೂಡುಕುಟುಂಬದ ಸಂಸ್ಕೃತಿ ಎನ್ನುವವರು ಈ ಹೊತ್ತಿಗೆ ಎದ್ದು ನಿಂತಿರುತ್ತಾರೆ. ಹಿತ್ತಿಲ ಕೋಣೆಯಲ್ಲಿ ಹಾಸಿಗೆ ಹಿಡಿದವರ ಮಲಮೂತ್ರ ಬಳಿದವರು ಯಾರು ಎಂದು ಅವರನ್ನು ಕೇಳಬೇಕು. "ನಾವು ಮನೆಯಲ್ಲೇ ನೋಡಿಕೊಂಡೆವು" ಎಂಬ ವಾಕ್ಯದಲ್ಲಿ 'ನಾವು' ಎಂದರೆ ಬಹುಪಾಲು ಒಬ್ಬ ಸೊಸೆ, ಇಲ್ಲವೇ ತವರಿಗೆ ಮರಳಿದ ಒಬ್ಬ ವಿಧವೆ. ಆಕೆಯ ದುಡಿಮೆಗೆ ಸಂಸ್ಕೃತಿ ಎಂದು ಹೆಸರಿಟ್ಟವರು ಸಾಮಾನ್ಯವಾಗಿ ಜಗುಲಿಯಲ್ಲಿ ಕೂತಿದ್ದವರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾನೂನು ಬಿಗಿಯಾದರೆ ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದು ಸಾಕುವ ಚಿಕ್ಕ ಆಶ್ರಮಗಳು ಮುಚ್ಚುತ್ತವೆ, ಇನ್‌ಸ್ಪೆಕ್ಟರ್‌ಗೆ ಕವರ್ ಕೊಡಬಲ್ಲ ದೊಡ್ಡವರು ಉಳಿಯುತ್ತಾರೆ ಎಂಬ ಭಯ. ಈ ಭಯ ಸುಳ್ಳಲ್ಲ. ಅದಕ್ಕೇ ನಾನು ಮೊದಲು ಕೇಳುವುದು ಲೈಸೆನ್ಸನ್ನಲ್ಲ, ಒಂದು ಬೋರ್ಡನ್ನು. ಇಲ್ಲಿರುವವರು ಎಷ್ಟು, ಹಾಸಿಗೆ ಹಿಡಿದವರು ಎಷ್ಟು, ಈ ರಾತ್ರಿ ಎಚ್ಚರವಿರುವ ಸಿಬ್ಬಂದಿ ಯಾರು, ನರ್ಸಿಂಗ್ ಓದಿದವರು ಅವರಲ್ಲಿ ಎಷ್ಟು, ಕಳೆದ ಒಂದು ವರ್ಷದಲ್ಲಿ ಎಷ್ಟು ಜನರಿಗೆ ಹಾಸಿಗೆ ಹುಣ್ಣಾಯಿತು, ಎಷ್ಟು ಜನ ಬಿದ್ದರು, ಎಷ್ಟು ಜನರನ್ನು ಆಸ್ಪತ್ರೆಗೆ ಒಯ್ದರು, ದೂರಿಗೆ ಯಾವ ನಂಬರು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಅಂತೂ ಇದೆ, ಅದನ್ನೇ ಬರೆಯಲಿ. ಗೇಟಿನ ಬಳಿ, ಕನ್ನಡದಲ್ಲಿ, ಸೀಮೆಸುಣ್ಣದಲ್ಲಾದರೂ ಸರಿ. ಬಡ ಆಶ್ರಮಕ್ಕೂ ಇದು ಹೊರೆಯಲ್ಲ. ಹೆರಿಗೆ ಆಸ್ಪತ್ರೆ ದರಪಟ್ಟಿ ಹಾಕಬಹುದಾದರೆ ಇವರು ಇದನ್ನು ಹಾಕಬಹುದು. ಸುಳ್ಳು ಬರೆದರೆ ಒಳಗೆ ಬಂದುಹೋಗುವ ಯಾರಾದರೂ ಎಣಿಸಿ ಹೇಳಬಹುದು.

ಒಳಗೆ ಬಂದುಹೋಗುವವರಿಗೇನೂ ಬರವಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ ಹಣ್ಣು-ಬ್ರೆಡ್ ಹಂಚುವವರು, ಅಪ್ಪನ ತಿಥಿಗೆ ಒಂದು ಹೊತ್ತಿನ ಊಟ ಬರೆಸುವವರು, ಮಾರನೇ ದಿನದ ಪೇಪರಿನಲ್ಲಿ "ಅರ್ಥಪೂರ್ಣ ಹುಟ್ಟುಹಬ್ಬ" ಎಂದು ಫೋಟೊ ಹಾಕಿಸುವವರು ವರ್ಷವಿಡೀ ಬರುತ್ತಾರೆ, ಎಲ್ಲರೂ ಮಧ್ಯಾಹ್ನವೇ ಬರುತ್ತಾರೆ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳೂ ಬರುತ್ತವೆ. ಎರಡು ಭಾವಗೀತೆ ಹಾಡಿ, ಅಜ್ಜಿಯರ ಜೊತೆ ಸೆಲ್ಫಿ ತೆಗೆದುಕೊಂಡು, ಬಸ್ ಹತ್ತುತ್ತವೆ. ಹಾಡಿ, ಬೇಡ ಎನ್ನುವುದಿಲ್ಲ, ಅಜ್ಜಿಯರಿಗೆ ಖುಷಿಯಾಗುತ್ತದೆ. ಈ ಸಲ ಬಸ್ಸನ್ನು ಸಂಜೆ ಏಳಕ್ಕೆ ಹೊರಡಿಸಿ. ಮೇಲಿನ ಮಹಡಿಗೂ ಹತ್ತಿ. ಹಾಸಿಗೆ ಎಷ್ಟು, ರಾತ್ರಿಗೆ ಉಳಿಯುವ ಆಯಾಗಳು ಎಷ್ಟು ಎಂದು ಎಣಿಸಿ, ಮನೆಯ ಹೆಸರು ಮತ್ತು ದಿನಾಂಕದ ಜೊತೆ ನಿಮ್ಮ ಘಟಕದ ವರದಿಯಲ್ಲಿ ಬರೆಯಿರಿ. ಅದರ ಒಂದು ಪ್ರತಿಯನ್ನು ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ.